ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರ ವಿದ್ಯಾದಾಸೋಹ

ವಿದ್ಯೆಯು ಅಕ್ಷರಜ್ಞಾನದಿಂದಲೇ ಪೂರ್ಣವಾಗತಕ್ಕುದಲ್ಲ. ಬಡ ಬಾಲಕನೊಬ್ಬನು ಎಷ್ಟು ಜಾಣನಾದರೂ, ಮುಂದಿನ ದಾರಿಯನ್ನು ತೋರುವ ಹಿರಿಯರೂ, ಕೈಹಿಡಿಯುವ ದಾನಿಗಳೂ, ಜೊತೆಗೂಡುವ ಸಹಪಾಠಿಗಳೂ ದೊರೆಯದಿದ್ದರೆ ಅವನ ಪ್ರತಿಭೆಯು ಹುಟ್ಟಿದೂರಿನ ಎಲ್ಲೆಯೊಳಗೇ ಬಾಡಿಹೋಗುವುದು. ಈ ಮರ್ಮವನ್ನರಿತು ನಡೆದ ಮಹಾತ್ಮರು ಹಾನಗಲ್ಲ ವಿರಕ್ತಮಠದ ಲಿಂಗೈಕ್ಯ ಶ್ರೀ ಕುಮಾರ ಮಹಾಸ್ವಾಮಿಗಳವರು.

1867ರಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯ ಬಡ ಜಂಗಮ ಮನೆತನದಲ್ಲಿ ಹುಟ್ಟಿದ ಹಾಲಯ್ಯನವರು ಕಂತಿಭಿಕ್ಷೆಯಿಂದ ಹೊಟ್ಟೆಹೊರೆದು ಓದಿದವರು. ಮುಲ್ಕಿ ಪರೀಕ್ಷೆಯಲ್ಲಿ ಅವರಿಗೆ ಜಯ ದೊರೆಯಲಿಲ್ಲ. ಆದರೂ ಎದೆಗುಂದದೆ ಲಿಂಗದಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳಿದರು. ತರುವಾಯ ಎಳಂದೂರು ಬಸವಲಿಂಗ ಸ್ವಾಮಿಗಳವರ ಸೇವೆಯಲ್ಲಿದ್ದು ಶಿವಯೋಗಮಾರ್ಗವನ್ನು ಪಡೆದು, ಹಾನಗಲ್ಲ ಮಠದ ಅಧಿಕಾರವನ್ನು ವಹಿಸಿದರು.

ಅಂದು ಸಮಾಜದಲ್ಲಿ ದೇಸಗತಿಗಳ ಸಿರಿಯಿದ್ದಿತು, ವರ್ತಕರ ಔದಾರ್ಯವಿದ್ದಿತು, ಊರೂರಿಗೆ ಮಠಗಳಿದ್ದವು. ಇವುಗಳನ್ನು ಹೆಣೆಯುವ ಸೂತ್ರವೊಂದೇ ಇರಲಿಲ್ಲ. ಶ್ರೀಗಳವರ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯು ನೆರೆಯಿತು. ಅದರ ಅಧ್ಯಕ್ಷರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ದೇಹವಿಡುವ ಮುನ್ನ ತಮ್ಮ ಸಂಸ್ಥಾನದ ಸಂಪತ್ತನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳಿಗೆ ಮೀಸಲಿಟ್ಟರು.

1909ರಲ್ಲಿ ಶ್ರೀಗಳವರು ಬಾದಾಮಿಯ ಬಳಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಬೇರೆ ಬೇರೆ ಊರುಗಳಿಂದ ಬಂದ ವಟುಗಳು ಅಲ್ಲಿ ಒಂದೇ ಪಂಕ್ತಿಯಲ್ಲಿ ಪ್ರಸಾದವನ್ನು ಸ್ವೀಕರಿಸಿ, ಸಂಸ್ಕೃತವನ್ನೂ ವಚನಶಾಸ್ತ್ರವನ್ನೂ ಯೋಗವನ್ನೂ ಅಭ್ಯಸಿಸಿದರು. ಮುಂದೆ ಅವರು ನಾಡಿನ ನಾನಾ ಮಠಗಳಿಗೆ ಅಧಿಪತಿಗಳಾದಾಗ, ಜೊತೆಯಲ್ಲಿ ಕಲಿತ ಬಾಂಧವ್ಯವು ಮಠಮಠಗಳ ನಡುವಣ ಸೇತುವೆಯಾಯಿತು. ಅವರಲ್ಲನೇಕರು ತಮ್ಮ ಮಠಗಳಲ್ಲಿ ಉಚಿತ ಪ್ರಸಾದನಿಲಯಗಳನ್ನೂ ಶಾಲೆಗಳನ್ನೂ ತೆರೆದರು.

ಇಂತಹ ಸಂಬಂಧದ ಫಲವು ಎಂತಹುದೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾದ ಇಬ್ಬರು ಸೋದರರು ಹಾಡುತ್ತಿದ್ದುದನ್ನು ಶ್ರೀಗಳವರು ಕೇಳಿದರು. ಅನ್ನವನ್ನಿತ್ತು ಕಳುಹಿಸಿದ್ದರೆ ಅದು ಅಂದಿನ ಹಸಿವಿಗೆ ಸಾಲುತ್ತಿದ್ದಿತು. ಶ್ರೀಗಳವರಾದರೋ ಅವರನ್ನು ಕರೆತಂದು ಸಂಗೀತಗುರುಗಳಿಗೊಪ್ಪಿಸಿದರು. ಅವರಲ್ಲೊಬ್ಬರಾದ ಗದಿಗೆಯ್ಯನವರೇ ಕರ್ನಾಟಕ, ಹಿಂದೂಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತರಾದ ಪಂಚಾಕ್ಷರಿ ಗವಾಯಿಗಳು. 1944ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ತಮ್ಮಂತಹ ಅಂಧರಿಗೂ ಅನಾಥರಿಗೂ ಆಶ್ರಯವಿತ್ತು ಗಾನವನ್ನು ಧಾರೆಯೆರೆದರು. ಪುಟ್ಟರಾಜ ಗವಾಯಿಗಳೂ ಬಸವರಾಜ ರಾಜಗುರುಗಳೂ ಅವರ ಶಿಷ್ಯರೇ. ಒಬ್ಬ ಬಾಲಕನಿಗೆ ತೆರೆದ ಬಾಗಿಲು ಸಾವಿರಾರು ಮಕ್ಕಳಿಗೆ ಹೆದ್ದಾರಿಯಾಯಿತು.

1930ರಲ್ಲಿ ಶ್ರೀಗಳವರು ಲಿಂಗದೊಳಗಾದರು. ಅವರ ವಿದ್ಯಾದಾಸೋಹವು ಮಾತ್ರ ನಿಂತಿಲ್ಲ. ಸದ್ಭಕ್ತರೇ, ನಮ್ಮ ನಿಲಯಗಳಲ್ಲಿ ಉಂಡು ಓದುವ ಮಕ್ಕಳಿಗೆ ಅನ್ನವನ್ನೂ ಪುಸ್ತಕವನ್ನೂ ಇತ್ತೆವೆಂದು ತೃಪ್ತರಾಗದಿರೋಣ. ಓದಿ ಮೇಲೇರಿದ ಹಿರಿಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಬಂದು ಕಿರಿಯರ ಹೆಸರು ಕೇಳಿ, ಅವರನ್ನು ಬಲ್ಲವರಲ್ಲಿಗೆ ಕರೆದೊಯ್ಯಲಿ. ಅದುವೇ ಶ್ರೀಗಳವರಿಗೆ ಸಲ್ಲತಕ್ಕ ನಿಜವಾದ ಗುರುಕಾಣಿಕೆ.

ಶಿವಂ ಭೂಯಾತ್.