ಪಾಪಾ ಜೋ: ಶಿಷ್ಯನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡ ಗುರು

ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರು ಜಾಜ್ ಕೇಳದವರಿಗೂ ಗೊತ್ತು. ಆದ್ರೆ ಅವನ ಗುರು ಯಾರು ಅಂತ ಕೇಳಿದ್ರೆ ನಮ್ಮಲ್ಲಿ ಹೆಚ್ಚಿನವರು ತಲೆ ಕೆರ್ಕೋತೀವಿ. ಆ ಗುರುವೇ ಜೋ 'ಕಿಂಗ್' ಆಲಿವರ್. ಲೂಯಿ ಬಾಯಲ್ಲಿ ಮಾತ್ರ ಯಾವಾಗಲೂ ಪಾಪಾ ಜೋ.

1880ರ ದಶಕದಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ಹುಟ್ಟಿದ ಆಲಿವರ್, ನ್ಯೂ ಆರ್ಲಿಯನ್ಸ್‌ನ ಮೆರವಣಿಗೆ ಬ್ಯಾಂಡುಗಳಲ್ಲಿ ಕಾರ್ನೆಟ್ ನುಡಿಸುತ್ತಾ ಹೆಸರು ಮಾಡಿದರು. ಕಾರ್ನೆಟ್ ಅಂದ್ರೆ ಟ್ರಂಪೆಟ್‌ನ ಗಿಡ್ಡ ತಮ್ಮ ಅಂದ್ಕೊಳ್ಳಿ. ಅದರ ಬಾಯಿಗೆ ಲೋಟ, ಬಟ್ಟಲು, ಟೋಪಿ, ಹೀಗೆ ಕೈಗೆ ಸಿಕ್ಕಿದ್ದನ್ನು ಅಡ್ಡ ಹಿಡಿದು ವಾದ್ಯದಿಂದ ಮನುಷ್ಯರ ಅಳು, ಮಾತು ಹೊರಡಿಸುತ್ತಿದ್ದರು.

ಬಡ ಹುಡುಗ ಲೂಯಿ ಅವರ ಮನೆಗೆ ಬರುತ್ತಿದ್ದ. ಆಲಿವರ್ ಹೆಂಡತಿ ಸ್ಟೆಲ್ಲಾಗೆ ಅಂಗಡಿ ಸಾಮಾನು ತಂದುಕೊಡುವುದೇ ಅವನ ಫೀಸು. ಬದಲಿಗೆ ಪಾಠ, ಜೊತೆಗೆ ಊಟ. ತಮ್ಮದೊಂದು ಹಳೆಯ ಕಾರ್ನೆಟ್ಟನ್ನೂ ಆಲಿವರ್ ಅವನಿಗೆ ಕೊಟ್ಟರು. 1918ರಲ್ಲಿ ಅವರು ಶಿಕಾಗೋಗೆ ಹೊರಟಾಗ, ಕಿಡ್ ಓರಿಯ ಬ್ಯಾಂಡಿನಲ್ಲಿ ಅವರ ಜಾಗಕ್ಕೆ ಬಂದವನು ಇದೇ ಲೂಯಿ.

ಶಿಕಾಗೋದಲ್ಲಿ ಆಲಿವರ್‌ರ ಕ್ರಿಯೋಲ್ ಜಾಜ್ ಬ್ಯಾಂಡ್ ಜೋರಾಗಿ ನಡೀತಿತ್ತು. ಎರಡನೇ ಕಾರ್ನೆಟ್ ಬೇಕೇ ಬೇಕು ಅಂತೇನೂ ಇರಲಿಲ್ಲ. ಆದ್ರೂ 1922ರಲ್ಲಿ ಶಿಷ್ಯನನ್ನು ಕರೆಸಿಕೊಂಡರು. ಮುಂದೆ ಬರುವ ಸ್ವರಗಳನ್ನು ಗುರು ಮೊದಲೇ ಸಣ್ಣಗೆ ಸೂಚಿಸುತ್ತಿದ್ದರು, ಶಿಷ್ಯ ಅದಕ್ಕೆ ಹೊಂದುವ ಜೋಡಿ ಸ್ವರ ಅಲ್ಲೇ ಕಟ್ಟುತ್ತಿದ್ದ. ಇಬ್ಬರೂ ಒಟ್ಟಿಗೆ ನುಡಿಸಿದಾಗ ಕೇಳುವವರಿಗೆ ಇದು ಹೇಗೆ ಸಾಧ್ಯ ಅಂತ ಬೆರಗು.

1923ರಲ್ಲಿ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಗೆನೆಟ್ ಕಂಪನಿಗೆ ರೆಕಾರ್ಡಿಂಗ್. ಆಗ ಮೈಕ್ ಇಲ್ಲ. ಎಲ್ಲರೂ ಒಂದೇ ದೊಡ್ಡ ಕೊಳವೆಯ ಮುಂದೆ ನುಡಿಸಬೇಕು. ಲೂಯಿಯ ನಾದ ಎಲ್ಲರನ್ನೂ ಮುಳುಗಿಸುತ್ತಿತ್ತೆಂದು ಅವನನ್ನು ದೂರ ನಿಲ್ಲಿಸಿದರಂತೆ. ಶಿಷ್ಯ ಗುರುವನ್ನು ಮೀರಿದ್ದ. 1924ರಲ್ಲಿ, ಬ್ಯಾಂಡಿನ ಪಿಯಾನೋ ವಾದಕಿಯೂ ಹೆಂಡತಿಯೂ ಆಗಿದ್ದ ಲಿಲ್‌ಳ ಒತ್ತಾಯಕ್ಕೆ ಲೂಯಿ ಬೇರೆಯಾದ.

ಅಲ್ಲಿಂದ ಮುಂದೆ ಆಲಿವರ್‌ಗೆ ಇಳಿಜಾರು. 1927ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ ಕರೆದಾಗ ಸಂಬಳ ಸಾಲದು ಅಂತ ಬಿಟ್ಟರು. ಆ ಜಾಗ ಡ್ಯೂಕ್ ಎಲಿಂಗ್ಟನ್‌ಗೆ ಹೋಯಿತು, ಅವರ ಅದೃಷ್ಟವೇ ಬದಲಾಯಿತು. ಆಲಿವರ್‌ಗೆ ಮಾತ್ರ ಒಸಡಿನ ಕಾಯಿಲೆಯಿಂದ ಹಲ್ಲು ಹೋದವು. ಊದುವ ಮನುಷ್ಯನಿಗೆ ಅದಕ್ಕಿಂತ ಶಿಕ್ಷೆ ಇದೆಯೇ? ಉಳಿತಾಯ ಇಟ್ಟಿದ್ದ ಬ್ಯಾಂಕೂ ಮುಳುಗಿತು. ಕೊನೆಗೆ ಜಾರ್ಜಿಯಾದ ಸವಾನಾದಲ್ಲಿ ತರಕಾರಿ ಮಾರಿದರು, ಪೂಲ್ ಆಡುವ ಜಾಗವೊಂದರಲ್ಲಿ ಕಸ ಗುಡಿಸಿದರು.

1937ರಲ್ಲಿ ಕಛೇರಿಗೆಂದು ಆ ಊರಿಗೆ ಬಂದ ಲೂಯಿಗೆ ಗುರು ಕಂಡಿದ್ದು ತರಕಾರಿ ಗಾಡಿಯ ಹಿಂದೆ. ಜೇಬಲ್ಲಿದ್ದ ದುಡ್ಡು ಕೊಟ್ಟ, ಬ್ಯಾಂಡಿನ ಹುಡುಗರೂ ಕೊಟ್ಟರು. ಅದೇ ರಾತ್ರಿ ಆಲಿವರ್ ಹಳೇ ದಿನಗಳ ಠೀವಿಯಲ್ಲಿ ಒಳ್ಳೆ ಬಟ್ಟೆ ತೊಟ್ಟು ಶಿಷ್ಯನ ಕಛೇರಿಗೆ ಬಂದು ನಿಂತರು.

1938ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅಕ್ಕ ಬಾಡಿಗೆಗಿಟ್ಟಿದ್ದ ಹಣದಲ್ಲಿ ನ್ಯೂಯಾರ್ಕಿಗೆ ತಂದು ಮಣ್ಣು ಮಾಡಿದಳು. ಸಮಾಧಿಗೆ ಕಲ್ಲು ಹಾಕಿಸಲು ದುಡ್ಡು ಉಳಿಯಲಿಲ್ಲ. ಆದರೆ ಲೂಯಿ ಬದುಕಿರುವವರೆಗೂ, ಪಾಪಾ ಜೋ ಇಲ್ಲದಿದ್ದರೆ ತಾನಿಲ್ಲ ಅಂತ ಹೇಳುತ್ತಲೇ ಇದ್ದ. ಮುಂದಿನ ಸಲ ಲೂಯಿಯ ಟ್ರಂಪೆಟ್ ಕೇಳಿದಾಗ, ಹಿಂದೆ ನಿಂತಿರುವ ಇನ್ನೊಬ್ಬರನ್ನೂ ಒಂದ್ಸಲ ನೆನೆಸಿಕೊಳ್ಳಿ.