ಗುರುಮಠದಿಂದ ಮರಳಿದ ಮಗ

ತಿ. ನರಸೀಪುರದವರು ರೈಲು ಹತ್ತಬೇಕಾದರೆ ನಂಜನಗೂಡಿಗೋ ಮೈಸೂರಿಗೋ ಹೋಗಬೇಕು. ಮುಂದಿನ ಸಲ ರೈಲಿನಲ್ಲಿ ಕುಳಿತಾಗ, ಒಮ್ಮೆ ದೇಶದ ರೈಲುಗಳನ್ನೇ ನಿಲ್ಲಿಸಿ, ಆಮೇಲೆ ರೈಲ್ವೆ ಮಂತ್ರಿಯೂ ಆದ ನಮ್ಮ ನಾಡಿನ ಕಥೋಲಿಕ ಮನೆತನದ ಮಗನನ್ನು ನೆನೆಯಿರಿ. ಅವರೇ ಜಾರ್ಜ್ ಫರ್ನಾಂಡಿಸ್.

1930ರ ಜೂನ್ 3ರಂದು ಮಂಗಳೂರಿನಲ್ಲಿ ಜನಿಸಿದ ಇವರು ಆರು ಮಕ್ಕಳಲ್ಲಿ ಹಿರಿಯರು. ಮಗ ಗುರುವಾಗಲೆಂದು ಹೆತ್ತವರು 1946ರಲ್ಲಿ ಬೆಂಗಳೂರಿನ ಸಂತ ಪೇತ್ರರ ಗುರುಮಠಕ್ಕೆ ಕಳುಹಿಸಿದರು. ಹಿರಿಯ ಗುರುಗಳಿಗೆ ಒಂದು ಬಗೆಯ ಊಟ, ವಿದ್ಯಾರ್ಥಿಗಳಿಗೆ ಇನ್ನೊಂದು ಬಗೆ ಎಂಬುದು ತಮ್ಮ ಮನಸ್ಸನ್ನು ನೋಯಿಸಿತೆಂದು ಅವರು ಮುಂದೆ ಹೇಳಿಕೊಂಡರು. ಸುಮಾರು ಎರಡೂವರೆ ವರ್ಷಗಳ ನಂತರ ಹೊರಬಂದರು.

ಮಂಗಳೂರಿನಲ್ಲಿ ಹೋಟೆಲ್ ಮತ್ತು ಸಾರಿಗೆ ಕೆಲಸಗಾರರನ್ನು ಒಂದುಗೂಡಿಸಿದ ಅವರು 1949ರಲ್ಲಿ ಬೊಂಬಾಯಿಗೆ ಹೋದರು. ಚೌಪಾಟಿಯ ಬೆಂಚಿನ ಮೇಲೆ ಮಲಗಿ ರಾತ್ರಿ ಕಳೆದರು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಗರಡಿಯಲ್ಲಿ ಪಳಗಿ, ಟ್ಯಾಕ್ಸಿ ಚಾಲಕರ ನಾಯಕರಾದರು. 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್. ಕೆ. ಪಾಟೀಲರನ್ನು ಸೋಲಿಸಿದರು.

1974ರ ಮೇ 8ರಂದು ಅವರ ನೇತೃತ್ವದಲ್ಲಿ ರೈಲ್ವೆ ಮುಷ್ಕರ ಶುರುವಾಯಿತು. 20 ದಿನ ನಡೆದ ಆ ಮುಷ್ಕರದಲ್ಲಿ ಸಾವಿರಾರು ನೌಕರರು ಜೈಲು ಸೇರಿದರು, ಕೆಲಸ ಕಳೆದುಕೊಂಡರು. ಮರುವರ್ಷ ತುರ್ತು ಪರಿಸ್ಥಿತಿ ಬಂತು. ಜಾರ್ಜ್ ಭೂಗತರಾದರು. ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಡಿದು ಚಿತ್ರಹಿಂಸೆ ಕೊಟ್ಟರು. ಅಣ್ಣನ ಹೋರಾಟಕ್ಕೆ ತಮ್ಮ ತೆತ್ತ ಬೆಲೆ ಅದು. ಹೆತ್ತ ತಾಯಿಯ ಸಂಕಟವನ್ನು ನೀವೇ ಊಹಿಸಿ. 1976ರ ಜೂನ್‌ನಲ್ಲಿ ಜಾರ್ಜ್ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದು, ಕೇಂದ್ರ ಮಂತ್ರಿಯಾದರು.

1989ರಲ್ಲಿ ರೈಲ್ವೆ ಮಂತ್ರಿಯಾದಾಗ ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು. 1998ರಲ್ಲಿ ಬಿಜೆಪಿ ನೇತೃತ್ವದ ಸರ್ಕಾರದಲ್ಲಿ ರಕ್ಷಣಾ ಮಂತ್ರಿಯಾದರು. 1999ರಲ್ಲಿ ಒರಿಸ್ಸಾದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಮಕ್ಕಳನ್ನು ಸುಟ್ಟು ಕೊಂದಾಗಲೂ ಆ ಸರ್ಕಾರದಲ್ಲೇ ಉಳಿದದ್ದು ಅನೇಕ ಕ್ರೈಸ್ತರಿಗೆ ನೋವು ತಂದಿತು. ಆ ನೋವನ್ನು ಮುಚ್ಚಿಡಬೇಕಾಗಿಲ್ಲ. ಅವರ ಪಾಲಿನ ಒಳಿತನ್ನು ಮರೆಯಬೇಕಾಗಿಯೂ ಇಲ್ಲ.

ಬಹುಕಾಲ ಮರೆವಿನ ಕಾಯಿಲೆಯಿಂದ ನರಳಿ, 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡರು. ದೇಹವನ್ನು ದಹಿಸಿ, ಚಿತಾಭಸ್ಮವನ್ನು ಕ್ರೈಸ್ತರ ಸಮಾಧಿಭೂಮಿಯಲ್ಲಿ ಹೂಳಲಾಯಿತು.

ಓದುಗರೇ, ಗುರುಮಠಕ್ಕೆ ಹೋದ ಮಗ ಅರ್ಧದಲ್ಲಿ ಮರಳಿದರೆ ಎಷ್ಟೋ ಮನೆಗಳಲ್ಲಿ ಅದು ಅವಮಾನ. ನಿಮ್ಮ ಮನೆಗೂ ಹಾಗೊಬ್ಬ ಮಗ ಬಂದರೆ ಗದರಬೇಡಿ. ಮೊದಲು ಊಟಕ್ಕೆ ಬಡಿಸಿ, ಅವನ ಮಾತು ಕೇಳಿ. ದೇವರ ಕರೆ ಇನ್ನೊಂದು ದಾರಿಯಲ್ಲೂ ಬರಬಹುದು.