ಹನ್ನೆರಡು ನಿಮಿಷದ ಆಟಗಾರ

12.6. ಇದು ಯಾರದೋ ಸಿಜಿಪಿಎ ಅಲ್ಲ, ಆಗೋಕೆ ಸಾಧ್ಯವೂ ಇಲ್ಲ ಬಿಡಿ. 1989-90ರ ಎನ್‌ಬಿಎ ಸೀಸನ್‌ನಲ್ಲಿ ಡ್ರಾಜೆನ್ ಪೆಟ್ರೋವಿಚ್ ಅನ್ನೋ ಆಟಗಾರನಿಗೆ ಪ್ರತಿ ಪಂದ್ಯದಲ್ಲಿ ಸರಾಸರಿ ಸಿಕ್ಕ ನಿಮಿಷಗಳು. ಎನ್‌ಬಿಎ ಪಂದ್ಯ 48 ನಿಮಿಷದ್ದು. ಅಂದರೆ ಉಳಿದ ಮೂವತ್ತೈದು ಚಿಲ್ಲರೆ ನಿಮಿಷ ಅವನು ಟವೆಲ್ ಹೊದ್ದು ಬೆಂಚ್ ಮೇಲೆ ಕೂತಿರುತ್ತಿದ್ದ. ಅದಕ್ಕೆ ಕೆಲವೇ ತಿಂಗಳ ಹಿಂದೆ ಇದೇ ಮನುಷ್ಯ ಯುರೋಪಿನ ಒಂದು ಕಪ್ ಫೈನಲ್‌ನಲ್ಲಿ ಒಬ್ಬನೇ 62 ಪಾಯಿಂಟ್ ಹೊಡೆದಿದ್ದ.

ನಮ್ಮ ಕಾಲೇಜ್ ಕೋರ್ಟಲ್ಲಿ ಜೋರ್ಡನ್ ಹೆಸರಿನ ಜರ್ಸಿ ಹಾಕ್ಕೊಂಡು ಓಡಾಡೋರು ಬೇಕಾದಷ್ಟು ಜನ ಇದ್ದಾರೆ. ಪೆಟ್ರೋವಿಚ್ ಹೆಸರು ಕೇಳಿದವರು ಕಡಿಮೆ. ಆದ್ರೆ ಇವತ್ತು ಲೂಕಾ ಡಾನ್ಸಿಚ್, ಯೋಕಿಚ್ ಥರದವರು ಅಮೆರಿಕಕ್ಕೆ ಹೋಗಿ ಮೊದಲ ದಿನದಿಂದಲೇ ಮೆರೆಯೋದು ನೋಡಿದಾಗ, ಆ ಬಾಗಿಲನ್ನು ಭುಜ ಕೊಟ್ಟು ತಳ್ಳಿದವನು ಇವನೇ ಅನ್ನೋದು ನೆನಪಿರಲಿ.

ಡ್ರಾಜೆನ್ ಹುಟ್ಟಿದ್ದು 1964ರ ಅಕ್ಟೋಬರ್ 22ರಂದು, ಆಗಿನ ಯುಗೊಸ್ಲಾವಿಯಾದ, ಈಗಿನ ಕ್ರೊಯೇಷಿಯಾದ ಶಿಬೆನಿಕ್ ಎಂಬ ಸಮುದ್ರ ತೀರದ ಊರಲ್ಲಿ. ಅಪ್ಪ ಪೊಲೀಸ್, ಅಮ್ಮ ಬಿಸೆರ್ಕಾ ಲೈಬ್ರರಿಯಲ್ಲಿ ಕೆಲಸ. ಅಣ್ಣ ಅಲೆಕ್ಸಾಂಡರ್ ಆಗಲೇ ಬ್ಯಾಸ್ಕೆಟ್‌ಬಾಲ್ ಆಡ್ತಿದ್ದ. ಅಣ್ಣನ ಹಿಂದೆ ಬಾಲದ ಹಾಗೆ ಹೋದ ತಮ್ಮನಿಗೆ ಆಟದ ಹುಚ್ಚು ಹತ್ತಿತು. ಬೆಳಗಿನ ಜಾವ ಎದ್ದು, ಶಾಲೆ ಶುರುವಾಗೋ ಮೊದಲು ಖಾಲಿ ಹಾಲ್‌ನಲ್ಲಿ ಒಬ್ಬನೇ ನೂರಾರು ಶಾಟ್ ಹೊಡೆದು ಆಮೇಲೆ ಕ್ಲಾಸಿಗೆ ಹೋಗ್ತಿದ್ದ ಅನ್ನೋದು ಆ ಊರಿನ ಎಲ್ಲರಿಗೂ ಗೊತ್ತಿರೋ ಕತೆ. ಹದಿನೈದಕ್ಕೇ ಊರಿನ ಕ್ಲಬ್ ಶಿಬೆಂಕಾದ ಸೀನಿಯರ್ ತಂಡಕ್ಕೆ ಬಂದ.

1983ರಲ್ಲಿ ಶಿಬೆಂಕಾ ಯುಗೊಸ್ಲಾವ್ ಲೀಗಿನ ನಿರ್ಣಾಯಕ ಪಂದ್ಯ ತಲುಪಿತು. ಎದುರಾಳಿ ಸರಾಯೆವೊದ ಬೋಸ್ನಾ. ಗಡಿಯಾರ ಮುಗಿದ ಮೇಲೆ ಹದಿನೆಂಟರ ಹುಡುಗ ಒಬ್ಬನೇ ಲೈನ್ ಮೇಲೆ ನಿಂತು ಎರಡೂ ಫ್ರೀ ಥ್ರೋ ಹಾಕಿದ. ಊರಿಗೆ ಊರೇ ಕುಣಿಯಿತು. ಮರುದಿನ ಫೆಡರೇಷನ್ ಅಂಪೈರಿಂಗ್ ಸರಿ ಇರಲಿಲ್ಲ ಅಂತ ಫಲಿತಾಂಶವನ್ನೇ ರದ್ದು ಮಾಡಿತು. ಮತ್ತೆ ಆಡೋಕೆ ಶಿಬೆಂಕಾ ಒಪ್ಪಲಿಲ್ಲ, ಕಪ್ ಬೋಸ್ನಾಕ್ಕೆ ಹೋಯ್ತು.

ಒಂದು ವರ್ಷ ಕಡ್ಡಾಯ ಮಿಲಿಟರಿ ಸೇವೆ ಮುಗಿಸಿ ಅಣ್ಣ ಇದ್ದ ಜಾಗ್ರೆಬ್‌ನ ಸಿಬೋನಾ ಸೇರಿದ. 1985 ಮತ್ತು 1986ರಲ್ಲಿ ಸಿಬೋನಾ ಯುರೋಪಿಯನ್ ಚಾಂಪಿಯನ್. ಒಂದು ಲೀಗ್ ಪಂದ್ಯದಲ್ಲಂತೂ ಒಬ್ಬನೇ 112 ಪಾಯಿಂಟ್! ಎದುರಿಗಿದ್ದದ್ದು ಲ್ಯೂಬ್ಲಿಯಾನಾ ತಂಡದ ಜೂನಿಯರ್ ಹುಡುಗರು ಅನ್ನೋದನ್ನೂ ಹೇಳಿಬಿಡಬೇಕು, ಇಲ್ಲದಿದ್ರೆ ಮೋಸ ಆಗುತ್ತೆ. 1988ರಲ್ಲಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್‌ಗೆ ಹೋದ. ಮೊದಲು ಹೇಳಿದ 62 ಪಾಯಿಂಟ್ ಬಂದಿದ್ದು ಅಲ್ಲಿ, ಇಟಲಿಯ ಕಸೆರ್ತಾ ವಿರುದ್ಧ.

ಈ ಎಲ್ಲ ತಂಡಗಳಲ್ಲಿ ಒಂದು ವಿಷಯ ಸಮಾನ. ಚೆಂಡು ಯಾವಾಗಲೂ ಡ್ರಾಜೆನ್ ಕೈಯಲ್ಲಿ. ಪಾಯಿಂಟ್ ಗಾರ್ಡ್ ಅಂದರೆ ಚೆಂಡನ್ನು ಮೇಲೆ ತಂದು, ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಪಾಸ್ ಹೋಗಬೇಕು ಅಂತ ತೀರ್ಮಾನಿಸೋನು. ಅವನು ಆ ಕೆಲಸವನ್ನೂ ಮಾಡ್ತಿದ್ದ, ಕೊನೆಗೆ ಶಾಟನ್ನೂ ತಾನೇ ಹೊಡೀತಿದ್ದ. ಡಿಫೆನ್ಸ್‌ನಲ್ಲಿ ಸ್ವಲ್ಪ ಆರಾಮ ತಗೊಂಡ್ರೂ ಯಾರೂ ಕೇಳ್ತಿರಲಿಲ್ಲ. ಎದುರಾಳಿಗಳನ್ನು ಕೆಣಕೋದು, ಪ್ರೇಕ್ಷಕರ ಕಡೆ ಕೈ ಬೀಸೋದು ಎಲ್ಲ ಇತ್ತು. ಯುರೋಪಿನ ಅರ್ಧ ಜನ ಅವನನ್ನು ಆರಾಧಿಸಿದ್ರೆ ಇನ್ನರ್ಧ ಜನಕ್ಕೆ ಅವನನ್ನು ಕಂಡ್ರೆ ಆಗ್ತಿರಲಿಲ್ಲ.

ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ ಅವನನ್ನು 1986ರ ಡ್ರಾಫ್ಟ್‌ನಲ್ಲೇ ಆರಿಸಿಟ್ಟಿತ್ತು, ಮೂರನೇ ಸುತ್ತಿನಲ್ಲಿ, 60ನೆಯವನಾಗಿ. ಮೂರು ವರ್ಷ ಆದ ಮೇಲೆ, ರಿಯಲ್ ಜೊತೆಗಿನ ಒಪ್ಪಂದವನ್ನು ಮಧ್ಯದಲ್ಲೇ ಬಿಡಿಸಿಕೊಂಡು 1989ರಲ್ಲಿ ಅವನು ಹೊರಟ. ಎಚ್ಚರಿಕೆ ಕಣ್ಣೆದುರಿಗೇ ಇತ್ತು. ಮ್ಯಾಡ್ರಿಡ್‌ನಲ್ಲಿ ಅವನ ಜೊತೆ ಆಡಿದ ಫರ್ನಾಂಡೊ ಮಾರ್ಟಿನ್, ಎನ್‌ಬಿಎ ಆಡಿದ ಮೊದಲ ಸ್ಪೇನ್ ಆಟಗಾರ, 1986-87ರಲ್ಲಿ ಇದೇ ಪೋರ್ಟ್‌ಲ್ಯಾಂಡ್‌ಗೆ ಹೋಗಿ, ಬರೀ 24 ಪಂದ್ಯಗಳಲ್ಲಿ ಒಂದಿಷ್ಟು ನಿಮಿಷ ಆಡಿ ವಾಪಸ್ ಬಂದಿದ್ದ.

ಈಗ ಪೋರ್ಟ್‌ಲ್ಯಾಂಡ್‌ನ ಲೆಕ್ಕ ನೋಡಿ. ಗಾರ್ಡ್ ಜಾಗ ಎರಡು, ತಲಾ 48 ನಿಮಿಷ, ಒಟ್ಟು 96. ಪಾಯಿಂಟ್ ಗಾರ್ಡ್ ಟೆರ್ರಿ ಪೋರ್ಟರ್, ಶೂಟಿಂಗ್ ಗಾರ್ಡ್ ಕ್ಲೈಡ್ ಡ್ರೆಕ್ಸ್ಲರ್. ಇಬ್ಬರೂ ಮೂವತ್ತೈದು ನಿಮಿಷದ ಆಸುಪಾಸು ಆಡೋರು. ಉಳಿಯೋದು ಸುಮಾರು 25. ಅದರಲ್ಲೂ ಪೋರ್ಟರ್‌ಗೆ ಬದಲಿಯಾಗಿ ಇಳಿಯೋಕೆ ಡ್ಯಾನಿ ಯಂಗ್ ಮೊದಲೇ ಇದ್ದ. ಅವನಿಗೆ ಕೋಚ್ ರಿಕ್ ಆಡಲ್‌ಮನ್‌ನ ಪದ್ಧತಿ ಗೊತ್ತು, ಯಾರ ಚೆಂಡನ್ನೂ ಕಸಿಯಲ್ಲ. ಅಂಥ ಸರ್ಕ್ಯೂಟ್‌ಗೆ ನೀವು ಯುರೋಪಿನ ಅತಿ ದೊಡ್ಡ ಸ್ಟಾರ್‌ನನ್ನು ತಂದು ಜೋಡಿಸಿದ್ರೆ ಏನಾಗುತ್ತೆ? ಸಿಕ್ಕ ಚೂರುಪಾರಿನಲ್ಲಿ ಬದುಕಬೇಕು.

ಬದಲಿ ಆಟಗಾರನ ಕಷ್ಟ ನಿಮಿಷ ಕಡಿಮೆ ಅನ್ನೋದು ಒಂದೇ ಅಲ್ಲ. ಅರ್ಧ ಗಂಟೆ ಕೂತು ತಣ್ಣಗಾದ ಮೈಯಲ್ಲಿ ಎದ್ದು ಹೋಗಬೇಕು. ನಾಲ್ಕೇ ನಿಮಿಷ ಇದೆ ಅಂದ್ರೆ ಮೊದಲ ಶಾಟ್ ತಪ್ಪಿದ ಕೂಡಲೇ ಕಣ್ಣು ಬೆಂಚ್ ಕಡೆ ಹೋಗುತ್ತೆ. ಜೊತೆಗೆ ಆಟವೇ ಬೇರೆ. ಯುರೋಪಲ್ಲಿ ಪಂದ್ಯ 40 ನಿಮಿಷ, ತ್ರೀ ಪಾಯಿಂಟ್ ಗೆರೆ ಆಗ 6.25 ಮೀಟರ್, ಇಲ್ಲಿ ಅದು ನೆತ್ತಿಯ ಕಡೆ 7.24 ಮೀಟರ್. ಯುರೋಪಲ್ಲಿ ಜೋನ್ ಡಿಫೆನ್ಸ್ ಆಡಿ ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಬಹುದಿತ್ತು. ಆಗಿನ ಎನ್‌ಬಿಎ ನಿಯಮದಲ್ಲಿ ಜೋನ್ ನಿಷಿದ್ಧ, ನಿನ್ನ ಎದುರಾಳಿಯನ್ನು ನೀನೇ ಹಿಡೀಬೇಕು. ಡ್ರಾಜೆನ್ ಕಾಲು ಅಷ್ಟು ಚುರುಕಲ್ಲ. ಡಿಫೆನ್ಸ್ ಬರಲ್ಲ ಅನ್ನೋ ಹಣೆಪಟ್ಟಿ ಬೇಗ ಅಂಟಿತು. ಯುರೋಪಿನವರು ಮೆತ್ತಗೆ ಅನ್ನೋ ಮಾತು ಆಗ ಬಹಳ ಚಾಲ್ತಿಯಲ್ಲಿತ್ತು, ಅದೂ ಸೇರಿಕೊಂಡಿತು.

ಆ ಸೀಸನ್ ಪೋರ್ಟ್‌ಲ್ಯಾಂಡ್ 59 ಪಂದ್ಯ ಗೆದ್ದು ಫೈನಲ್‌ವರೆಗೂ ಹೋಗಿ ಡೆಟ್ರಾಯಿಟ್‌ಗೆ 4-1ರಲ್ಲಿ ಸೋತಿತು. ಹಾಗಾಗಿ ಕೋಚ್‌ನನ್ನು ಖಳನಾಯಕ ಮಾಡೋದು ನನಗೆ ಸರಿ ಕಾಣಲ್ಲ. ಗೆಲ್ಲುತ್ತಿರೋ ಮೆಷಿನ್ ಬಿಚ್ಚಿ ಹೊಸ ಪಾರ್ಟ್ ಹಾಕೋಕೆ ಯಾರು ಹೋಗ್ತಾರೆ? ಆದ್ರೆ ಮುಂದಿನ ಬೇಸಿಗೆಯಲ್ಲಿ ತಂಡ ಇನ್ನೊಬ್ಬ ಅನುಭವಿ ಗಾರ್ಡ್ ಡ್ಯಾನಿ ಏಂಜ್‌ನನ್ನು ತಂದಾಗ ವಿಷಯ ಸ್ಪಷ್ಟವಾಯಿತು. ಎರಡನೇ ಸೀಸನ್‌ನಲ್ಲಿ 12.6 ಇದ್ದದ್ದು 7.4 ನಿಮಿಷಕ್ಕೆ ಇಳಿಯಿತು. ಅರ್ಧ ಸೀಸನ್ ಆಗುವಷ್ಟರಲ್ಲಿ ಅವನು ಆಡಿದ್ದು ಬರೀ 18 ಪಂದ್ಯ.

ಆ ಒಂಟಿತನದ ಮೊದಲ ವರ್ಷ ಅವನಿಗೆ ಆಸರೆಯಾಗಿದ್ದವನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಬಂದಿದ್ದ ಗೆಳೆಯ, ಯುಗೊಸ್ಲಾವ್ ತಂಡದ ಸಹ ಆಟಗಾರ, ಸೆರ್ಬಿಯಾದ ವ್ಲಾಡೆ ಡಿವಾಚ್. ಫೋನ್‌ನಲ್ಲಿ ದಿನವೂ ಎನ್ನುವಷ್ಟು ಮಾತಾಡೋರು. ಡಿವಾಚ್‌ಗೆ ಅಲ್ಲಿ ಜಾಗ ಸಿಕ್ಕಿತ್ತು, ಕರೀಂ ಅಬ್ದುಲ್ ಜಬ್ಬಾರ್ ಆಗಷ್ಟೇ ನಿವೃತ್ತಿಯಾಗಿದ್ದ. ಡ್ರಾಜೆನ್‌ಗೆ ಅಂಥ ಖಾಲಿ ಕುರ್ಚಿ ಯಾರೂ ಬಿಟ್ಟು ಹೋಗಿರಲಿಲ್ಲ. 1990ರ ಆಗಸ್ಟ್‌ನಲ್ಲಿ ಇಬ್ಬರೂ ಸೇರಿ ಬ್ಯೂನಸ್ ಐರಿಸ್‌ನಲ್ಲಿ ಯುಗೊಸ್ಲಾವಿಯಾಕ್ಕೆ ವಿಶ್ವ ಚಾಂಪಿಯನ್ ಪಟ್ಟ ಗೆದ್ದುಕೊಟ್ಟರು. ಗೆದ್ದ ಸಂಭ್ರಮದಲ್ಲಿ ಒಬ್ಬ ಅಭಿಮಾನಿ ಕ್ರೊಯೇಷಿಯಾ ಬಾವುಟ ಹಿಡಿದು ಕೋರ್ಟಿಗೆ ನುಗ್ಗಿದ. ಇದು ಇಡೀ ಯುಗೊಸ್ಲಾವಿಯಾದ ಗೆಲುವು ಅಂತ ಡಿವಾಚ್ ಆ ಬಾವುಟ ಕಿತ್ತುಕೊಂಡ. ದೇಶ ಒಡೆಯೋ ಹೊತ್ತದು. ಡ್ರಾಜೆನ್ ಗೆಳೆಯನ ಜೊತೆ ಮಾತು ಬಿಟ್ಟ. 1991ರ ಸೆಪ್ಟೆಂಬರ್‌ನಲ್ಲಿ ಯುದ್ಧ ಅವನ ಶಿಬೆನಿಕ್‌ಗೇ ಬಂತು. ಬೆಂಚೂ ಸಿಗದೆ, ಫೋನ್ ಮಾಡೋಕೆ ಗೆಳೆಯನೂ ಇಲ್ಲದೆ ಪೋರ್ಟ್‌ಲ್ಯಾಂಡ್‌ನಲ್ಲಿ ಕಳೆದ ಆ ಎರಡನೇ ಚಳಿಗಾಲ ಹೇಗಿದ್ದಿರಬಹುದು ಅಂತ ಯೋಚಿಸಿದ್ರೆ ಬೇಜಾರಾಗುತ್ತೆ.

ತನ್ನನ್ನು ಬೇರೆ ಕಡೆ ಕಳಿಸಿ ಅಂತ ಅವನು ಬಹಿರಂಗವಾಗಿಯೇ ಕೇಳಿದ. 1991ರ ಜನವರಿ 23ರಂದು ಮೂರು ತಂಡಗಳ ಟ್ರೇಡ್‌ನಲ್ಲಿ ನ್ಯೂಜೆರ್ಸಿ ನೆಟ್ಸ್ ಪಾಲಾದ. ಫೈನಲಿಸ್ಟ್ ತಂಡ ಬಿಟ್ಟು, ಹಿಂದಿನ ವರ್ಷ 82ರಲ್ಲಿ 17 ಮಾತ್ರ ಗೆದ್ದಿದ್ದ ತಂಡಕ್ಕೆ! ಪ್ಲೇಸ್‌ಮೆಂಟ್ ಭಾಷೆಯಲ್ಲಿ ಹೇಳೋದಾದ್ರೆ ದೊಡ್ಡ ಕಂಪನಿಯಲ್ಲಿ ಖಾಲಿ ಕೂರೋದು ಬಿಟ್ಟು, ಮುಳುಗ್ತಿರೋ ಸ್ಟಾರ್ಟಪ್‌ನಲ್ಲಿ ಕೆಲಸ. ಅವನಿಗೆ ಬೇಕಿದ್ದದ್ದೂ ಕೆಲಸವೇ. ಉಳಿದ 43 ಪಂದ್ಯಗಳಲ್ಲಿ ಅಲ್ಲೂ ಬಹುಪಾಲು ಬದಲಿಯಾಗಿಯೇ ಇಳಿದ, ಆದ್ರೆ ಸರಾಸರಿ 20 ನಿಮಿಷಕ್ಕೂ ಹೆಚ್ಚು ಸಿಕ್ಕಿತು, 12.6 ಪಾಯಿಂಟ್ ಬಂತು. ಅದೇ 12.6, ಈ ಸಲ ನಿಮಿಷ ಅಲ್ಲ, ಪಾಯಿಂಟ್.

ಆ ಬೇಸಿಗೆ ರೋಮ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆದಾಗ ಅವನು ಯುಗೊಸ್ಲಾವ್ ತಂಡದಲ್ಲಿ ಇರಲಿಲ್ಲ. ಮೈ ಗಟ್ಟಿ ಮಾಡೋ ಕೆಲಸಕ್ಕೆ ಕೂತಿದ್ದ. ವೇಟ್ ಎತ್ತಿ ಭುಜ, ತೊಡೆ ಬೆಳೆಸಿಕೊಂಡ, ಡಿಫೆನ್ಸ್‌ನಲ್ಲಿ ತಳ್ಳಿಸಿಕೊಳ್ಳದಷ್ಟು ಗಟ್ಟಿಯಾಗಿ ವಾಪಸ್ ಬಂದ. ಯುರೋಪಿನಲ್ಲಿ ಡ್ರಿಬಲ್ ಮಾಡ್ತಾ ಎದುರಾಳಿಯನ್ನು ಆಟಾಡಿಸೋ ಅಭ್ಯಾಸವನ್ನೂ ಬಹಳಷ್ಟು ಬಿಟ್ಟ. ಪಾಯಿಂಟ್ ಗಾರ್ಡ್ ಕೆಲಸ ಮೂಕಿ ಬ್ಲೇಲಾಕ್‌ಗೆ, ಅವನು ಹೋದ ಮೇಲೆ ಕೆನ್ನಿ ಆಂಡರ್ಸನ್‌ಗೆ ಬಿಟ್ಟುಕೊಟ್ಟು, ತಾನು ಸ್ಕ್ರೀನ್‌ಗಳ ಸಂದಿಯಲ್ಲಿ ಓಡಿ ಓಡಿ, ಪಾಸ್ ಬಂದ ಕ್ಷಣ ಶಾಟ್ ಬಿಡೋದು ಕಲಿತ. ಹುಟ್ಟಿನಿಂದ ಚೆಂಡು ಕೈಲಿಟ್ಟುಕೊಂಡು ಆಡಿದವನಿಗೆ ಚೆಂಡಿಲ್ಲದೆ ಆಡೋದು ಕಲಿಯೋದು ಭಾಷೆ ಬದಲಿಸಿದಷ್ಟೇ ಕಷ್ಟ. ನನ್ನ ಪ್ರಕಾರ ಅವನ ಜೀವನದ ಅತಿ ದೊಡ್ಡ ಕೆಲಸ ಇದು, 112 ಪಾಯಿಂಟ್ ಅಲ್ಲ.

1991-92ರಲ್ಲಿ 82ಕ್ಕೆ 82 ಪಂದ್ಯ ಆಡಿದ, 36.9 ನಿಮಿಷ, 20.6 ಪಾಯಿಂಟ್. ಮರುವರ್ಷ 22.3. ಮೈದಾನದ ಶಾಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಳಗೆ, ತ್ರೀ ಪಾಯಿಂಟ್‌ನಲ್ಲಿ ಎರಡೂ ವರ್ಷ ಶೇಕಡ 44ಕ್ಕೂ ಮೇಲೆ. ನೆಟ್ಸ್ ಆರು ವರ್ಷಗಳ ನಂತರ ಪ್ಲೇಆಫ್ ಮುಖ ನೋಡಿತು.

ಇಲ್ಲಿ ಒಂದು ಸಣ್ಣ ಭಾಗಾಕಾರ ಮಾಡಿ ನೋಡಿದೆ. ಪೋರ್ಟ್‌ಲ್ಯಾಂಡ್ ಬೆಂಚಿನ ಮೊದಲ ವರ್ಷ 12.6 ನಿಮಿಷಕ್ಕೆ 7.6 ಪಾಯಿಂಟ್, ಅಂದರೆ ನಿಮಿಷಕ್ಕೆ 0.60. ನೆಟ್ಸ್‌ನ ಮೊದಲ ಪೂರ್ತಿ ಸೀಸನ್‌ನಲ್ಲಿ 0.56. ಜಗತ್ತು ಅವನನ್ನು ಸ್ಟಾರ್ ಅಂತ ಒಪ್ಪಿಕೊಂಡಾಗ ಬರ್ತಿದ್ದ ರೇಟೂ, ಬೆಂಚಲ್ಲಿ ಕೊಳೀತಿದ್ದಾಗಿನ ರೇಟೂ ಹೆಚ್ಚುಕಮ್ಮಿ ಒಂದೇ! ಐದು ನಿಮಿಷದ ರೇಟನ್ನು ನಲವತ್ತು ನಿಮಿಷಕ್ಕೆ ಎಳೆಯೋಕಾಗಲ್ಲ, ಸುಸ್ತು ಇದೆ, ಎದುರಿಗೆ ಒಳ್ಳೇ ಡಿಫೆಂಡರ್ ಬರ್ತಾರೆ ಅನ್ನೋದು ಸರಿಯಾದ ತಕರಾರೇ. ಅವನ ವಿಷಯದಲ್ಲಿ ಮಾತ್ರ ಆ ಗೆರೆ ಬಾಗಲೇ ಇಲ್ಲ.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೊಸ ದೇಶ ಕ್ರೊಯೇಷಿಯಾದ ಪರ ಹೋದ. ಸೆಮಿಫೈನಲ್‌ನಲ್ಲಿ ಹಳೇ ಸೋವಿಯತ್ ಆಟಗಾರರ ತಂಡವನ್ನು 75-74ರಲ್ಲಿ ಸೋಲಿಸಿ ಫೈನಲ್‌ನಲ್ಲಿ ಡ್ರೀಮ್ ಟೀಮ್ ಎದುರು ನಿಂತರು. 117-85, ಸೋತರು. ಡ್ರಾಜೆನ್ 24 ಪಾಯಿಂಟ್ ಹೊಡೆದ. ಎದುರು ತಂಡದಲ್ಲಿ ಜೋರ್ಡನ್, ಮ್ಯಾಜಿಕ್ ಜೊತೆ ಕ್ಲೈಡ್ ಡ್ರೆಕ್ಸ್ಲರ್ ಕೂಡ ಇದ್ದ, ಯಾರ ಹಿಂದೆ ಇವನು ಒಂದೂವರೆ ವರ್ಷ ಕೂತಿದ್ದನೋ ಅವನೇ. ಆ ತಂಡದ ಕೋಚ್ ಚಕ್ ಡೇಲಿ ಅದೇ ವರ್ಷ ನೆಟ್ಸ್‌ಗೆ ಬಂದು ಇವನಿಗೂ ಕೋಚ್ ಆದ.

1993ರ ಜನವರಿಯಲ್ಲಿ ಹ್ಯೂಸ್ಟನ್ ವಿರುದ್ಧ 44 ಪಾಯಿಂಟ್. ಆದ್ರೂ ಆ ವರ್ಷದ ಆಲ್ ಸ್ಟಾರ್ ಪಂದ್ಯಕ್ಕೆ ಅವನನ್ನು ಕರೆಯಲಿಲ್ಲ, ಅದು ಅವನನ್ನು ಚುಚ್ಚಿತು. ಸೀಸನ್ ಮುಗಿದ ಮೇಲೆ ಲೀಗಿನ ಅತ್ಯುತ್ತಮ ಹದಿನೈದು ಆಟಗಾರರ ಪಟ್ಟಿಯಲ್ಲಿ, ಮೂರನೇ ತಂಡದಲ್ಲಿ, ಹೆಸರು ಬಂತು. ನೆಟ್ಸ್ ಜೊತೆಗಿನ ಕಾಂಟ್ರ್ಯಾಕ್ಟ್ ಮುಗಿದಿತ್ತು. ಮುಂದೆ ಎಲ್ಲಿ ಅನ್ನೋದು ಇನ್ನೂ ಇತ್ಯರ್ಥವಾಗಿರಲಿಲ್ಲ.

ಜೂನ್‌ನಲ್ಲಿ ಪೋಲೆಂಡ್‌ನಲ್ಲಿ ಕ್ರೊಯೇಷಿಯಾ ಪರ ಅರ್ಹತಾ ಪಂದ್ಯಗಳನ್ನು ಆಡಿ, ವಾಪಸ್ ಬರುವಾಗ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ತಂಡದವರು ಜಾಗ್ರೆಬ್ ವಿಮಾನ ಹತ್ತಿದರು, ಇವನು ಗೆಳತಿಯ ಕಾರಲ್ಲಿ ಹೊರಟ. ಜೂನ್ 7, ಬವೇರಿಯಾದ ಡೆಂಕೆನ್‌ಡಾರ್ಫ್ ಬಳಿ ಜೋರು ಮಳೆ. ನಿಯಂತ್ರಣ ತಪ್ಪಿದ ಒಂದು ಲಾರಿ ಹೆದ್ದಾರಿಗೆ ಅಡ್ಡ ನಿಂತಿತ್ತು. ಡ್ರಾಜೆನ್ ಮುಂದಿನ ಸೀಟಿನಲ್ಲಿ ನಿದ್ದೆ ಮಾಡ್ತಿದ್ದ, ಸೀಟ್ ಬೆಲ್ಟ್ ಹಾಕಿರಲಿಲ್ಲ. ವಯಸ್ಸು 28. ಪೋರ್ಟ್‌ಲ್ಯಾಂಡ್ ಬೆಂಚಿನಲ್ಲಿ ಅವನಿಗಿಂತ ಮೊದಲು ಕೂತಿದ್ದ ಫರ್ನಾಂಡೊ ಮಾರ್ಟಿನ್ ಕೂಡ 1989ರ ಡಿಸೆಂಬರ್‌ನಲ್ಲಿ ಕಾರ್ ಅಪಘಾತದಲ್ಲೇ ತೀರಿಕೊಂಡಿದ್ದ.

ಜಾಗ್ರೆಬ್‌ನ ಮಿರೊಗೊಯ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಸಿಬೋನಾದ ಹಾಲ್‌ಗೆ ಅವನ ಹೆಸರಿಟ್ಟರು. ನೆಟ್ಸ್ ಅವನ 3ನೇ ನಂಬರನ್ನು ಅದೇ ವರ್ಷ ನವೆಂಬರ್‌ನಲ್ಲಿ ಯಾರಿಗೂ ಕೊಡದಂತೆ ಮೇಲೆ ತೂಗುಹಾಕಿತು, 2002ರಲ್ಲಿ ಹಾಲ್ ಆಫ್ ಫೇಮ್ ಸೇರಿತು ಹೆಸರು. 2001ರಲ್ಲಿ ವಿಂಬಲ್ಡನ್ ಗೆದ್ದ ಗೊರಾನ್ ಇವಾನಿಸೆವಿಚ್ ತನ್ನೂರು ಸ್ಪ್ಲಿಟ್‌ನ ಮೆರವಣಿಗೆಯಲ್ಲಿ ಹಾಕಿಕೊಂಡದ್ದು ಡ್ರಾಜೆನ್‌ನ ನೆಟ್ಸ್ ಜರ್ಸಿ.

ಡಿವಾಚ್ ಜೊತೆ ರಾಜಿ ಆಗಲೇ ಇಲ್ಲ, ಅಷ್ಟು ಸಮಯ ಇರಲಿಲ್ಲ. ವರ್ಷಗಳ ನಂತರ, 2010ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರಕ್ಕಾಗಿ ಡಿವಾಚ್ ಜಾಗ್ರೆಬ್‌ಗೆ ಹೋದ. ಬಿಸೆರ್ಕಾರನ್ನೂ ಅಲೆಕ್ಸಾಂಡರ್‌ನನ್ನೂ ಭೇಟಿಯಾದ. ಆಮೇಲೆ ಒಬ್ಬನೇ ಮಿರೊಗೊಯ್‌ಗೆ ಹೋಗಿ, ಇಬ್ಬರೂ ಒಟ್ಟಿಗೆ ನಿಂತಿದ್ದ ಒಂದು ಹಳೇ ಫೋಟೋವನ್ನು ಸಮಾಧಿಯ ಮೇಲಿಟ್ಟು ಬಂದ.